ಎಲ್ಲವನ್ನೂ ಬಲ್ಲ ದೇವರಿಗೆ ‘ಮರೆತೆಯಾ?’ ಎಂದು ಕೇಳುವುದೇಕೆ?

ಪ್ರಶ್ನೆ

ಕರ್ತನಲ್ಲಿ ವಂದನೆಗಳು. ನಾನು ಕೂರುವುದನ್ನೂ ಏಳುವುದನ್ನೂ ದೇವರು ಬಲ್ಲನು, ಮಾತು ನಾಲಿಗೆಗೆ ಬರುವ ಮೊದಲೇ ಅವನಿಗೆ ತಿಳಿದಿರುತ್ತದೆ ಎಂದು ಬೈಬಲಿನ ಕೀರ್ತನೆಗಳ ಪುಸ್ತಕದ 139ನೆಯ ಕೀರ್ತನೆ ಹೇಳುತ್ತದೆ. 13ನೆಯ ಕೀರ್ತನೆಯಲ್ಲಾದರೋ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ಮೊದಲೆರಡು ವಚನಗಳಲ್ಲಿಯೇ ನಾಲ್ಕು ಸಲ ಬರುತ್ತದೆ. ದೇವರು ತನ್ನನ್ನು ಮರೆತಿದ್ದಾನೆಂಬುದೇ ಅಲ್ಲಿನ ದೂರು. ಎರಡನ್ನೂ ಇಸ್ರಾಯೇಲಿನ ಅರಸನಾದ ದಾವೀದನ ಹೆಸರಿನಲ್ಲಿಯೇ ಓದುತ್ತೇವೆ. ನಮ್ಮ ಸಂಕಟ ದೇವರ ಅರಿವಿನಲ್ಲಿದೆ ಎಂಬುದನ್ನು ನಾವು ಹೇಗೆ ತಿಳಿದುಕೊಳ್ಳಬೇಕು?

ಉತ್ತರ 1

ಇದಕ್ಕೆ 44ನೆಯ ಕೀರ್ತನೆಯನ್ನು ಓದಿ. ದೇವರು ಹೃದಯದ ಗುಟ್ಟುಗಳನ್ನು ಬಲ್ಲನೆಂದು 21ನೆಯ ವಚನದಲ್ಲಿ ಒಪ್ಪಿಕೊಳ್ಳುವವರೇ 23ನೆಯ ವಚನಕ್ಕೆ ಬರುವಷ್ಟರಲ್ಲಿ ‘ಎಚ್ಚರವಾಗು, ನಿದ್ರಿಸುತ್ತಿರುವುದೇಕೆ?’ ಎಂದು ಕೂಗುತ್ತಾರೆ. ನಡುವೆ ಇರುವುದು ಒಂದೇ ವಚನ. ಅಷ್ಟರಲ್ಲಿ ಅವರ ನಂಬಿಕೆ ಬದಲಾಯಿತೆನ್ನಲಾಗದು. ದೇವರಿಗೆ ತಿಳಿದಿಲ್ಲವೆಂಬ ಅನುಮಾನದಿಂದಲ್ಲ, ತಿಳಿದೂ ಸುಮ್ಮನಿದ್ದಾನಲ್ಲಾ ಎಂಬ ಸಂಕಟದಿಂದ ಅವರು ದೂರುತ್ತಾರೆ. ದೇವರು ನೋಡುವುದಿಲ್ಲವೆಂಬ ಮಾತು ಕೀರ್ತನೆಗಳಲ್ಲಿ ಯಾರ ಬಾಯಿಂದ ಬರುತ್ತದೆಂಬುದನ್ನೂ ಗಮನಿಸಿ. 10ನೆಯ ಕೀರ್ತನೆಯಲ್ಲಿ ಬಡವನನ್ನು ಹೊಂಚುಹಾಕಿ ಹಿಡಿಯುವ ದುಷ್ಟನು ಮನಸ್ಸಿನಲ್ಲಿ ಹಾಗೆ ಅಂದುಕೊಳ್ಳುತ್ತಾನೆ. ಪ್ರಾರ್ಥಿಸುವವನು ‘ನೀನು ನೋಡಿದ್ದೀ’ ಎನ್ನುತ್ತಾನೆ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತಾ 56ನೆಯ ಕೀರ್ತನೆಯನ್ನೂ ನೆನಪಿಸುತ್ತೇನೆ. ಅದರ ಶಿರೋನಾಮವು ಗತ್ ಊರಿನಲ್ಲಿ ದಾವೀದನು ಶತ್ರುಗಳಾದ ಫಿಲಿಷ್ಟಿಯರ ಕೈಗೆ ಸಿಕ್ಕ ಸಂದರ್ಭವನ್ನು ಹೇಳುತ್ತದೆ. ಸಮುವೇಲನ ಮೊದಲನೆಯ ಪುಸ್ತಕದ 21ನೆಯ ಅಧ್ಯಾಯದ ಪ್ರಕಾರ, ಆಗಿನ ಇಸ್ರಾಯೇಲಿನ ಅರಸ ಸೌಲನಿಗೆ ಹೆದರಿ ಅಲ್ಲಿಗೆ ಓಡಿಹೋದವನು ಗತ್ ಊರಿನ ಅರಸನಾದ ಆಕೀಷನ ಭಯದಿಂದ ಹುಚ್ಚನಂತೆ ನಟಿಸಿ, ಬಾಗಿಲುಗಳ ಮೇಲೆ ಗೀಚುತ್ತಾ ಗಡ್ಡದ ಮೇಲೆ ಜೊಲ್ಲು ಸುರಿಸಬೇಕಾಯಿತು. ಅಂಥ ಅವಮಾನದ ಗಳಿಗೆಗೆ ಸೇರಿದ ಪ್ರಾರ್ಥನೆಯು, ತನ್ನ ಅಲೆದಾಟಗಳಿಗೆ ದೇವರ ಬಳಿ ಲೆಕ್ಕವಿದೆ, ತನ್ನ ಕಣ್ಣೀರನ್ನು ಅವನು ಬುದ್ದಲಿಯಲ್ಲಿ (ತೊಗಲಿನ ಚೀಲದಲ್ಲಿ) ತುಂಬಿಟ್ಟಿದ್ದಾನೆ ಎಂದು ಹೇಳುತ್ತದೆ. ನೆರೆದವರಿಗೆ ಹುಚ್ಚನಂತೆ ಕಂಡವನ ಕಣ್ಣೀರು ಇದು ಎಂಬುದನ್ನು ನಮ್ಮ ಉಪದೇಶಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

ಉತ್ತರ 3

ಇಷ್ಟು ಬೇಗ ಸಮಾಧಾನಕ್ಕೆ ಬರುವುದು ನನಗೆ ಸರಿಕಾಣದು. ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಸ್ತುತಿಗೆ ತಿರುಗಿದರೂ, ಹೇಮಾನನ ಹೆಸರಿನಲ್ಲಿರುವ 88ನೆಯದು ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ದೇವರು ಬಲ್ಲನೆಂಬ ಮಾತನ್ನು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳುವವರು ಅದನ್ನೂ ಓದಿರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೂರನೆಯ ಉತ್ತರ ಕೊಟ್ಟವರಿಗೆ ಒಂದು ಮಾತು: 88ನೆಯ ಕೀರ್ತನೆಯೂ ‘ನನ್ನನ್ನು ರಕ್ಷಿಸುವ ದೇವರೇ’ ಎಂಬ ಕರೆಯಿಂದಲೇ ಆರಂಭವಾಗುತ್ತದೆ. ಇನ್ನು 44ನೆಯ ಕೀರ್ತನೆಯ ವಿಷಯಕ್ಕೆ ಬಂದರೆ, ಆ ಎರಡು ವಚನಗಳ ನಡುವಿನ 22ನೆಯ ವಚನವನ್ನೇ ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಎತ್ತಿಕೊಳ್ಳುತ್ತಾನೆ. ದೇವರ ಪ್ರೀತಿಯಿಂದ ನಮ್ಮನ್ನು ಯಾವುದೂ ಅಗಲಿಸಲಾರದೆಂದು ಬರೆಯುವಾಗಲೂ, ಕೊಯ್ಗುರಿಗಳಂತೆ ಎಣಿಸಲ್ಪಟ್ಟಿದ್ದೇವೆ ಎಂಬ ಆ ದೂರನ್ನು ಅವನು ಮೃದುಗೊಳಿಸುವುದಿಲ್ಲ.