ತಲೆಯಲ್ಲಿ ಬೋಳು, ಹಗಲೆಲ್ಲ ತೂಕಡಿಕೆ: ಎರಡಕ್ಕೂ ಒಂದೇ ಮೂಲವಾ?

ಪ್ರಶ್ನೆ (ನವನಗರ, ಹುಬ್ಬಳ್ಳಿ): ತಂಗಿಗೆ 26 ವರ್ಷ. ತಲೆಯಲ್ಲಿ ರೂಪಾಯಿ ಅಗಲದ ಎರಡು ಬೋಳು ಬಿದ್ದಿವೆ. ಹಗಲು ಚಿಗರಿ ಬಸ್ಸಿನಲ್ಲಿ ಕೂತರೆ ಇಳಿಯುವ ಸ್ಟಾಪ್ ದಾಟಿದ್ದೇ ಅವಳಿಗೆ ಗೊತ್ತಾಗುವುದಿಲ್ಲ. ಕೂದಲಿಗೆ ಆಟೋಇಮ್ಯೂನ್, ಅಂದರೆ ಮೈಯ ರಕ್ಷಣಾ ಶಕ್ತಿಯೇ ಮೈಮೇಲೆ ತಿರುಗಿ ಬೀಳುವುದು, ಅಂದಿದ್ದಾರೆ. ನಿದ್ದೆಗೂ ಅದೇ ಕಾರಣವಾ?

ಬೆಟಗೇರಿಯಿಂದ: ನನಗೂ ಎರಡೂ ಆಗಿತ್ತು ರೀ. ಲೆಕ್ಕ ಬರೆದ ಡೈರಿ ಇನ್ನೂ ಇದೆ. ಬೋಳಿಗೆ ಸ್ಟಿರಾಯ್ಡ್ ಸೂಜಿ, ಒಂದು ಸಲಕ್ಕೆ 1,200, ಐದು ಸಲ, ಹುಬ್ಬಳ್ಳಿಗೆ ಹೋಗಿ ಬರೋ ಬಸ್ ಚಾರ್ಜ್ ಬೇರೆ. ಮೂರನೇ ಸಲಕ್ಕೆ ಅಲ್ಲಿ ಚರ್ಮ ತಗ್ಗಾಯಿತು, ಬೆರಳಿಟ್ಟರೆ ಇವತ್ತಿಗೂ ಸಿಗುತ್ತದೆ. ತೂಕಡಿಕೆಗೆ ಮಾತ್ರ ಎಲ್ಲರೂ ಸೋಮಾರಿತನ ಅಂತಲೇ ಅಂದರು. ಕೊನೆಗೆ ಟಿಎಸ್‌ಎಚ್ ಅಂತ ಥೈರಾಯ್ಡಿನ ರಕ್ತಪರೀಕ್ಷೆ ಮಾಡಿಸಿದರೆ 38, ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು! ಟಿಪಿಒ ಆ್ಯಂಟಿಬಾಡಿಯೂ ಜಾಸ್ತಿ, ಅಂದರೆ ಥೈರಾಯ್ಡಿನ ಮೇಲೂ ಮೈಯೇ ತಿರುಗಿ ಬಿದ್ದಿತ್ತು. ಮುಂದೆ ಕೇಳಿ, ಥೈರಾಯ್ಡ್ ಗುಳಿಗೆಯನ್ನು ಎರಡು ತಿಂಗಳು ಚಹಾದ ಜೊತೆಗೇ ನುಂಗಿದ್ದೆ, ಗುಳಿಗೆ ಮೈಗೆ ಹತ್ತದೆ ಆ 38 ಸರಿಯಾಗಿ ಇಳಿಯಲಿಲ್ಲ.

ಬ್ಯಾಡಗಿಯಿಂದ: ಇಷ್ಟು ದುಡ್ಡು ಯಾಕೆ ಸುರಿಯುತ್ತೀರಿ? ನನಗೆ ಗಡ್ಡದಲ್ಲಿ ಹುಳ ತಿಂದಿತ್ತು. ಉಳ್ಳಾಗಡ್ಡಿ ರಸ ತಿಕ್ಕಿದೆ. ಎರಡು ತಿಂಗಳಿಗೆ ಮೊದಲು ಬಿಳಿ ಕೂದಲು ಬಂತು, ಆಮೇಲೆ ಕರಿ.

ಧಾರವಾಡದಿಂದ: ಹುಳನೂ ಇಲ್ಲ, ಪಳನೂ ಇಲ್ಲ ಅಣ್ಣಾವ್ರೇ. ರೋಗದ ಜೊತೆ ಹೋರಾಡಬೇಕಾದ ನಮ್ಮ ರಕ್ತದ ಟಿ ಕೋಶಗಳೇ ಕೂದಲಿನ ಬೇರಿಗೆ ಬೀಳುತ್ತವೆ. ಸಣ್ಣ ಬೋಳು ಎಷ್ಟೋ ಜನಕ್ಕೆ ವರ್ಷದೊಳಗೆ ತಾನೇ ತುಂಬುತ್ತದೆ, ಹೆಸರು ಉಳ್ಳಾಗಡ್ಡಿಗೆ. ನನಗೆ ಹುಬ್ಬು ಸಮೇತ ಉದುರಿತು. ಆ ದಾಳಿ ತಗ್ಗಿಸುವ ಟೊಫಾಸಿಟಿನಿಬ್ ಗುಳಿಗೆ ಕೊಟ್ಟರು, ದಿನಕ್ಕೆ ಎರಡು. ಅದಕ್ಕೂ ಮೊದಲು ಟಿಬಿ ಪರೀಕ್ಷೆ, ಲಿವರ್, ಕೊಲೆಸ್ಟರಾಲ್, ಬರೀ ರಕ್ತಕ್ಕೇ 4,600. ಏಳು ತಿಂಗಳಿಗೆ ಕೂದಲು ಬಂತು. ಮಗಳ ಫೀ ಕಟ್ಟಬೇಕಿತ್ತು ಅಂತ ನಿಲ್ಲಿಸಿದೆ. ಒಂಬತ್ತನೇ ವಾರ ದಿಂಬಿನ ಮೇಲೆ ಹುಬ್ಬಿನ ಕೂದಲು. ಆ ದಿಂಬು ನೋಡಿದವನಿಗೆ ಉಳ್ಳಾಗಡ್ಡಿ ಹೇಳಬೇಡಿ.

ಬ್ಯಾಡಗಿಯಿಂದ: ನನ್ನ ಗಡ್ಡ ಬಂದಿದ್ದು ಸುಳ್ಳಾ?

ಹಾವೇರಿಯಿಂದ: ಗಡ್ಡದ ಜಗಳ ಆಮೇಲೆ. ನನ್ನ ಮಗನಿಗೆ ನಾರ್ಕೊಲೆಪ್ಸಿ, ಹಗಲಲ್ಲೇ ತಡೆಯಲಾಗದ ನಿದ್ದೆ ಬರುವ ಕಾಯಿಲೆ. ಜೋರಾಗಿ ನಕ್ಕರೆ ಮೊಣಕಾಲು ಕುಸಿದು ಬೀಳುತ್ತಿದ್ದ. ಫಿಟ್ಸ್ ಅಂತ ಮೂರು ವರ್ಷ ಗುಳಿಗೆ ಕೊಟ್ಟರು, ಮೂರು ವರ್ಷ! ಒಂದು ರಾತ್ರಿ ಮಲಗಿಸಿ, ಮರುದಿನ ಎರಡೆರಡು ತಾಸಿಗೊಮ್ಮೆ ಐದು ಸಲ ಮಲಗಿಸಿ ನೋಡಿದ ಮೇಲೆ ಗೊತ್ತಾಯಿತು. ಎಚ್ಚರ ಕಾಯುವ ಓರೆಕ್ಸಿನ್ ಮಾಡುವ ಮೆದುಳಿನ ಕೋಶಗಳೇ ಹೋಗಿವೆಯಂತೆ. ಅದೂ ಆಟೋಇಮ್ಯೂನ್ ಅಂತ ಗುಮಾನಿ. ಆದರೆ ಅವನ ತಲೆ ತುಂಬ ಕೂದಲು. ಎಲ್ಲ ನಿದ್ದೆಯನ್ನೂ ಥೈರಾಯ್ಡಿಗೆ ಗಂಟು ಹಾಕಬೇಡಿ.

ಬೆಟಗೇರಿಯಿಂದ: ಎಲ್ಲ ನಿದ್ದೆ ಅಂತ ನಾನೆಲ್ಲಿ ಹೇಳಿದೆ? ಬೋಳು ಬಿದ್ದವರಿಗೆ ಥೈರಾಯ್ಡ್ ತೊಂದರೆ ಜಾಸ್ತಿ, ಅದೊಂದು ರಕ್ತ ಕೊಡಲು ಏನು ಕಷ್ಟ?

ಪ್ರಶ್ನೆ ಹಾಕಿದವರು: ನಾಳೆಯೇ ಕೊಡಿಸುತ್ತೇನೆ ಅಕ್ಕಾರೇ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಬ್ಯಾಡಗಿಯಿಂದ: ಬಿಳಿ ಉಳ್ಳಾಗಡ್ಡಿ ತರಬೇಡಿ, ಕೆಂಪನೇದೇ ಬೇಕು.

ಧಾರವಾಡದಿಂದ: ದೇವರೇ.