ಜೋಗಿಮಟ್ಟಿಯಲ್ಲಿ ಕಂಡ ನೀಲಿ ಕಣ್ಣಿನ ಹುಳು ಯಾವುದು?

ಪ್ರಶ್ನೆ (ಚಿತ್ರದುರ್ಗ): ಸರ್, ಜೋಗಿಮಟ್ಟಿ ಕಡೆ ಹೋದಾಗ ಹೆಬ್ಬೆರಳು ಗಾತ್ರದ ಹಸಿರು ಹುಳುವೊಂದು ಕಂಡಿತು. ಮೈಮೇಲೆ ಕೂದಲಿಲ್ಲ, ಹಿಂಬದಿಯಲ್ಲಿ ಹಳದಿ ಬಣ್ಣದ ಮೋಟು ಕೊಂಬು. ಕಡ್ಡಿ ತಾಗಿಸಿದೊಡನೆ ತಲೆ ಒಳಗೆಳೆದುಕೊಂಡು ಎರಡು ನೀಲಿ ಕಣ್ಣು ಬಿಟ್ಟಿತು! ಕೊಂಬಿನಲ್ಲಿ ವಿಷವಿದೆ, ಕೊಂದುಬಿಡಿ ಎಂದರು ಜೊತೆಯವರು. ನಾನು ಒಪ್ಪಲಿಲ್ಲ. ಇದು ಯಾವ ಹುಳು?

ಉತ್ತರ (ಕೀಟತಜ್ಞ, ದಾವಣಗೆರೆ): ಕೊಲ್ಲದೆ ಬಿಟ್ಟಿರಲ್ಲ, ಸಂತೋಷ. ಯಾವ ಗಿಡದ ಮೇಲಿತ್ತು? ಹುಳುವಿನ ಫೋಟೊಗಿಂತ ಮೊದಲು ನಾನು ಕೇಳುವುದು ಅದನ್ನೇ.

ಪ್ರಶ್ನೆ: ಹಳ್ಳದ ದಂಡೆಯ ಕಣಗಿಲೆ ಸರ್. ಎಳೆಯ ಎಲೆಗಳನ್ನೆಲ್ಲ ಮೇಯ್ದಿತ್ತು.

ಉತ್ತರ: ಹಾಗಾದರೆ ಅನುಮಾನವೇ ಇಲ್ಲ. ಓಲಿಯಾಂಡರ್ ಹಾಕ್‌ಮಾತ್ ಎಂಬ ಪತಂಗದ ಮರಿಹುಳು. ವೈಜ್ಞಾನಿಕ ಹೆಸರು ಡಾಫ್ನಿಸ್ ನೆರಿಯೈ. ಎಕ್ಕದ ಗಿಡ ಎಂದಿದ್ದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಚಿಟ್ಟೆಮರಿಯನ್ನೂ, ಎಳ್ಳಿನ ಹೊಲ ಎಂದಿದ್ದರೆ ಓರೆಗೆರೆಗಳ ಬೇರೊಂದು ಕೊಂಬಿನ ಹುಳುವನ್ನೂ ನೆನೆಯುತ್ತಿದ್ದೆ. ಮರಿಹುಳುಗಳಲ್ಲಿ ಹಲವು ತಮಗೆ ಒಗ್ಗಿದ ಕೆಲವೇ ಗಿಡಗಳನ್ನು ಬಿಟ್ಟು ಬೇರೆ ತಿನ್ನುವುದಿಲ್ಲ.

ನೀವು ಕಂಡ ನೀಲಿ ಕಣ್ಣು ಕಣ್ಣಲ್ಲ, ಎದೆಭಾಗದ ಮಚ್ಚೆ. ಹೆದರಿದಾಗ ಆ ಭಾಗವನ್ನು ಉಬ್ಬಿಸುತ್ತದೆ. ಹಕ್ಕಿಗೆ ಅದು ಹಾವಿನ ತಲೆಯಂತೆ ತೋರಬೇಕು. ನಿಜವಾದ ಕಣ್ಣುಗಳು ಪುಟ್ಟ ತಲೆಯ ಪಕ್ಕದಲ್ಲಿ ಚುಕ್ಕೆಗಳಷ್ಟೇ ಇರುತ್ತವೆ. ಕೊಂಬು ಮೆತ್ತಗಿದ್ದು, ಚುಚ್ಚುವುದಿಲ್ಲ. ವಿಷ ಇರುವುದು ಕಣಗಿಲೆಯಲ್ಲಿ. ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು, ಆದ್ದರಿಂದ ಗಿಡ ಮುಟ್ಟಿದ ಕೈಯನ್ನು ತೊಳೆದುಕೊಳ್ಳಿ. ಮೈತುಂಬ ಕೂದಲಿರುವ ಕಂಬಳಿಹುಳುಗಳನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ತುರಿಕೆ ಬರಬಹುದು.

ಪ್ರಶ್ನೆ (ಹರಿಹರ): ಸರ್, ನಮ್ಮ ಮನೆಯ ನಂದಿಬಟ್ಟಲಿನಲ್ಲೂ ಇಂಥದ್ದೇ ಇತ್ತು. ಈಗ ಕಂದು ಬಣ್ಣಕ್ಕೆ ತಿರುಗಿ ನೆಲದ ಮೇಲೆ ಓಡಾಡುತ್ತಿದೆ. ರೋಗವೇ? ಔಷಧಿ ಹೊಡೆಯಬೇಕೇ?

ಉತ್ತರ: ಎರಡೂ ಅಲ್ಲ ಮೇಡಂ. ನಂದಿಬಟ್ಟಲು ಕಣಗಿಲೆಯ ಕುಟುಂಬದ್ದೇ, ಹುಳುವೂ ಅದೇ. ಪತಂಗವಾಗುವ ಮುಂಚಿನ ಕೋಶಾವಸ್ಥೆ ಹತ್ತಿರವಾದಾಗ ಬಣ್ಣ ಬದಲಿಸಿ ಕೆಳಗಿಳಿದು ತರಗೆಲೆಯ ಅಡಿಯಲ್ಲಿ ಜಾಗ ಹುಡುಕುತ್ತದೆ. ಈಗ ಅದು ಏನನ್ನೂ ತಿನ್ನುವುದಿಲ್ಲ, ಔಷಧಿ ದಂಡ. ಗಿಡ ತಾನೇ ಚಿಗುರುತ್ತದೆ. ಕೆಲವು ದಿನ ಆ ಬುಡವನ್ನು ಮಾತ್ರ ಗುಡಿಸಬೇಡಿ. ಮುಂದೆ ಎಳೆಯ ಹುಳುಗಳು ಕಂಡು, ಗಿಡ ತೀರಾ ಚಿಕ್ಕದಿದ್ದರೆ, ಕೈಯಿಂದಲೇ ಎತ್ತಿ ದೊಡ್ಡ ನಂದಿಬಟ್ಟಲಿಗೆ ಬಿಡಿ. ದಾಸವಾಳಕ್ಕೆ ಬಿಟ್ಟರೆ ಹಸಿದು ಸಾಯುತ್ತವೆ.