ಪ್ಯಾಂಕ್ರಿಯಾಟೈಟಿಸ್ ಇದ್ದವರಿಗೆ ಎದೆಯಲ್ಲಿ ನೀರು ತುಂಬಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನ ತಮ್ಮನಿಗೆ ವರ್ಷಗಳಿಂದ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತ) ಇದೆ. ಈಗ ಹೊಟ್ಟೆನೋವು ಅಷ್ಟಿಲ್ಲ, ಆದರೆ ಉಸಿರಾಡೋಕೆ ಕಷ್ಟ. ಎಡಗಡೆ ಎದೆಯಲ್ಲಿ ನೀರು ತುಂಬಿದೆ. ತೆಗೆದರೂ ಮತ್ತೆ ತುಂಬುತ್ತಿದೆ. ಟಿಬಿ ಇರಬಹುದು, ಮಾತ್ರೆ ಶುರು ಮಾಡೋಣ ಅನ್ನುತ್ತಿದ್ದಾರೆ. ಯಾರಿಗಾದರೂ ಹೀಗೆ ಆಗಿತ್ತಾ?

ಉತ್ತರ: ಅಕ್ಕಾ, ನಮ್ಮ ಯಜಮಾನರಿಗೆ ಹೀಗೇ ಆಗಿತ್ತು. ಮೊದಲು ಹೋದ ಆಸ್ಪತ್ರೆಯಲ್ಲಿ ಟಿಬಿ ಮಾತ್ರೆ ಕೊಟ್ಟರು. ನೀರು ಮಾತ್ರ ನಿಲ್ಲಲಿಲ್ಲ. ಆಮೇಲೆ ಗ್ಯಾಸ್ಟ್ರೋ ಡಾಕ್ಟರು ಎದೆಯಿಂದ ತೆಗೆದ ನೀರನ್ನೇ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದಲ್ಲಿರುವ ಎನ್ಜೈಮ್) ಪರೀಕ್ಷೆಗೆ ಕಳಿಸಿದರು. ಸಾವಿರಗಟ್ಟಲೆ ಬಂತು! ಟಿಬಿಯಲ್ಲಿ ಅಷ್ಟು ಏರುವುದಿಲ್ಲ. ದಯವಿಟ್ಟು ಇದೊಂದನ್ನು ಕೇಳಿ ಮಾಡಿಸಿ. ರಕ್ತದ ಅಮೈಲೇಸ್ ಅಲ್ಲ, ಅದು ಸ್ವಲ್ಪವೇ ಜಾಸ್ತಿ ಇರಬಹುದು. ನೀರಿನದ್ದು ಬೇಕು. ಅದೇ ನೀರಲ್ಲಿ ಟಿಬಿ ಪರೀಕ್ಷೆಯೂ ಆಗಲಿ, ಅನುಮಾನ ಉಳಿಯಬಾರದು.

ಪ್ಯಾಂಕ್ರಿಯಾಸ್‌ನ ನಾಳ ಕಲ್ಲಿನಿಂದ ಕಟ್ಟಿಕೊಂಡು ಹಿಂಭಾಗದಲ್ಲಿ ಒಡೆದರೆ, ಒಳಗಿನ ರಸ ದಾರಿ ಮಾಡಿಕೊಂಡು ಎದೆಗೂಡಿಗೆ ಏರುತ್ತದೆ. ಒತ್ತಡ ಇಳಿಯುವುದರಿಂದ ಹೊಟ್ಟೆನೋವೂ ಕಡಿಮೆ ಆಗಬಹುದು, ಅದಕ್ಕೇ ಯಾರಿಗೂ ಪ್ಯಾಂಕ್ರಿಯಾಸ್ ನೆನಪಾಗುವುದಿಲ್ಲ. ಬರೀ ನೀರು ತೆಗೆಯುತ್ತಾ ಹೋಗುವುದು ಪೈಪು ಒಡೆದಿರುವಾಗ ನೆಲ ಒರೆಸಿದ ಹಾಗೆ.

ನಮಗೆ ಎಂಆರ್‌ಸಿಪಿ ಸ್ಕ್ಯಾನ್‌ನಲ್ಲಿ (ನಾಳಗಳನ್ನು ತೋರಿಸುವ ಎಂಆರ್‌ಐ) ಸೋರುವ ಜಾಗ ಗೊತ್ತಾಯಿತು. ಇಆರ್‌ಸಿಪಿ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ನಾಳಕ್ಕೆ ಮಾಡುವ ಚಿಕಿತ್ಸೆ) ಮಾಡಿ ನಾಳದೊಳಗೆ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದರು, ಜೊತೆಗೆ ರಸ ಕಡಿಮೆ ಮಾಡುವ ಆಕ್ಟ್ರಿಯೋಟೈಡ್ ಇಂಜೆಕ್ಷನ್. ನಿಧಾನವಾಗಿ ನಿಂತಿತು. ಸ್ಟೆಂಟ್ ದಾಟದಷ್ಟು ನಾಳ ಕಟ್ಟಿದ್ದರೆ ಆಪರೇಷನ್ ಬೇಕಾಗುತ್ತದೆ, ಅದಕ್ಕೆ ಇಆರ್‌ಸಿಪಿ ಮತ್ತು ಸರ್ಜರಿ ಎರಡೂ ಇರುವ ಕಡೆಗೇ ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ಗ್ಯಾಸ್ಟ್ರೋ ಸಂಸ್ಥೆ ಇದೆ. ಬಿಪಿಎಲ್ ಕಾರ್ಡ್, ಹಳೆಯ ಸ್ಕ್ಯಾನ್ ಸಿಡಿ ತೆಗೆದುಕೊಂಡು ಹೋಗಿ. ಬರೀ ರಿಪೋರ್ಟ್ ಹಾಳೆ ಸಾಲದು, ಡಾಕ್ಟರು ಚಿತ್ರ ನೋಡಬೇಕು ಅಂತಾರೆ.

ಇನ್ನೊಬ್ಬರು: ಮೇಲೆ ಹೇಳಿದ್ದು ಸರಿ. ನಾನೇ ಈ ಕಾಯಿಲೆಯವನು, ಇನ್ನೆರಡು ಮಾತು ಸೇರಿಸುತ್ತೇನೆ. ಮಲ ಟಾರಿನಂತೆ ಕಪ್ಪಾಗಿ ಬಂದರೆ, ತಲೆಸುತ್ತು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಪ್ಯಾಂಕ್ರಿಯಾಸ್ ಪಕ್ಕದ ರಕ್ತನಾಳ ಉಬ್ಬಿ ಒಡೆಯುವುದುಂಟು. ನನಗೆ ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸ್ಕ್ಯಾನ್) ಮಾಡಿ, ತೊಡೆಯ ರಕ್ತನಾಳದ ಮೂಲಕ ಒಳಗೆ ಹೋಗಿ ಕಾಯಿಲ್ (ಸಣ್ಣ ತಂತಿ ಸುರುಳಿ) ಹಾಕಿ ಮುಚ್ಚಿದರು. ಹೊಟ್ಟೆ ಕೊಯ್ಯಲಿಲ್ಲ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದನ್ನು ಡಾಕ್ಟರೇ ಹೇಳಲಿ.

ತಮ್ಮನಿಗೆ ಶುಗರ್ ಬಂದಿದೆಯಾ ಅಕ್ಕಾ? ಈ ಕಾಯಿಲೆಯಿಂದ ಬರುವ ಶುಗರ್‌ನಲ್ಲಿ ಇನ್ಸುಲಿನ್ ಜೊತೆ ಗ್ಲುಕಗಾನ್ (ಇಳಿದ ಶುಗರ್ ಏರಿಸುವ ಹಾರ್ಮೋನ್) ಕೂಡ ಕಡಿಮೆ ಇರುತ್ತದೆ. ಇನ್ಸುಲಿನ್ ತಗೊಂಡು ಊಟ ತಡವಾದರೆ ಶುಗರ್ ಧಡಕ್ಕನೆ ಇಳಿಯುತ್ತದೆ. ಜೇಬಲ್ಲಿ ಗ್ಲೂಕೋಸ್ ಇರಲಿ. ಜೀರ್ಣಕ್ಕೆ ಕೊಡುವ ಎನ್ಜೈಮ್ ಕ್ಯಾಪ್ಸೂಲ್ ಊಟದ ಜೊತೆಗೇ ನುಂಗಬೇಕು, ಊಟ ಮುಗಿದ ಎಷ್ಟೋ ಹೊತ್ತಿಗೆ ಅಲ್ಲ. ನೀರಿನ ರಿಪೋರ್ಟ್ ಬಂದ ಕೂಡಲೇ ಅಮೈಲೇಸ್ ಎಷ್ಟಿದೆ ಅಂತ ತಿಳಿಸಿ.